ಹಳೆಯ ಫಿಯೆಟ್‌ಗೆ ಹೊಸ ರೇಡಿಯೇಟರ್: ಕೊಳ್ಳುವ ಮುನ್ನ, ಕೂರಿಸುವಾಗ, ಆಮೇಲೆ

ಸಿಗ್ನಲ್‌ನಲ್ಲಿ ನಿಂತಾಗ ಕುದಿಯುವ ಗಾಡಿಯ ಕಾಯಿಲೆ ಬೇರೆ, ಘಾಟ್ ಹತ್ತುವಾಗ ಕುದಿಯುವ ಗಾಡಿಯ ಕಾಯಿಲೆ ಬೇರೆ. ದಾದರ್‌ನ ಜಾಮಿನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡಾಗ ಶಾಖದ ಮುಳ್ಳು ಮೇಲೇರಿ, ಫ್ಲೈಓವರ್ ಹತ್ತಿ ನಲವತ್ತರ ವೇಗ ಹಿಡಿದ ಕೂಡಲೇ ತಾನಾಗಿ ಇಳಿದರೆ ಅದು ರೇಡಿಯೇಟರಿನ ತಪ್ಪಲ್ಲ. ಅದಕ್ಕೆ ಗಾಳಿ ಸಿಗುತ್ತಿಲ್ಲ. ಊರೊಳಗೆ ಎಷ್ಟು ಓಡಿಸಿದರೂ ಸುಮ್ಮನಿದ್ದು, ಪುಣೆಯಿಂದ ಬೆಳಗಾವಿ ಕಡೆ ಹೊರಟ ದಿನ ಖಂಬಾಟ್ಕಿ ಘಾಟಿನ ನಡುವೆ ಬಾನೆಟ್ ಸಂದಿಯಿಂದ ಆವಿ ಬಿಟ್ಟರೆ ಆಗ ರೇಡಿಯೇಟರ್ ಮೇಲೆ ಅನುಮಾನ ಪಡಬೇಕು. ಈ ಭೇದ ತಿಳಿಯದೆ ದುಬಾರಿ ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸಿದರೆ ಗಾಡಿ ಅದೇ ಸಿಗ್ನಲ್‌ನಲ್ಲಿ ಮತ್ತೆ ಕುದಿಯುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಫಿಯೆಟ್ 1100 ಮತ್ತು ಅದೇ ಮನೆತನದ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಗಾಡಿ ಇದು. ಕಪ್ಪು-ಹಳದಿಯ ಕಾಲಿ-ಪೀಲಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ಗೆ ಇದರ ಓಟ ಮುಗಿಯಿತು. ಆದರೆ ಡೊಂಬಿವಲಿ, ಚಿಂಚವಾಡ, ಮಡಗಾಂವ್ ಕಡೆಯ ಮನೆಗಳ ಮುಂದೆ ಹೊದಿಕೆ ಹೊದ್ದು ನಿಂತ ಖಾಸಗಿ ಗಾಡಿಗಳು ಇನ್ನೂ ಇವೆ. 1089 ಸಿಸಿ ಇಂಜಿನ್, ಎರಕದ ಕಬ್ಬಿಣದ ಬ್ಲಾಕ್, ಅಲ್ಯುಮಿನಿಯಂ ಹೆಡ್, ಬೆಲ್ಟಿನಿಂದ ತಿರುಗುವ ಫ್ಯಾನ್. ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೂ ತತ್ವ ಇದೇ, ಅಳತೆ ಮಾತ್ರ ಬೇರೆ.

ನಿಜವಾಗಿಯೂ ರೇಡಿಯೇಟರೇ ಕೆಟ್ಟಿದೆಯೇ?

ಮೊದಲು ದುಡ್ಡು ಖರ್ಚಾಗದ ಪರೀಕ್ಷೆಗಳು. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ಕ್ಯಾಪ್ ಹಾಕಿದ ಒಂದೇ ನಿಮಿಷದಲ್ಲಿ ಮೇಲಿನ ಹೋಸ್ (ಇಂಜಿನ್ನಿನಿಂದ ರೇಡಿಯೇಟರಿಗೆ ಬರುವ ರಬ್ಬರ್ ಕೊಳವೆ) ಕಲ್ಲಿನಂತೆ ಗಟ್ಟಿಯಾದರೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ. ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಇದಕ್ಕೆ ಯಾವ ರೇಡಿಯೇಟರೂ ಮದ್ದಲ್ಲ. ಇಗ್ನಿಶನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಕಾರ್ಬ್ಯುರೇಟರ್‌ನಿಂದ ಪೆಟ್ರೋಲು ಕಡಿಮೆ ಬರುತ್ತಿದ್ದರೂ ಇಂಜಿನ್ ಬಿಸಿಯಾಗುತ್ತದೆ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 13 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಹೆಚ್ಚು ಬಗ್ಗಿದರೆ ನೀರಿನ ಪಂಪೂ ಜಾರುತ್ತದೆ, ಫ್ಯಾನೂ ಜಾರುತ್ತದೆ. ಬ್ರೇಕ್ ಹಿಡಿದುಕೊಂಡ ಚಕ್ರವನ್ನೂ ಮರೆಯಬೇಡಿ. ಅದನ್ನು ಎಳೆಯಲು ಇಂಜಿನ್ ದಿನವಿಡೀ ಘಾಟ್ ಹತ್ತುತ್ತಿರುತ್ತದೆ.

ಇಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟವೇ ಥರ್ಮೋಸ್ಟ್ಯಾಟ್. ಅದನ್ನು ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿಯಿರಿ. 82 ಡಿಗ್ರಿ ಎಂದು ಮುದ್ರೆಯಿದ್ದರೆ ಆ ಹೊತ್ತಿಗೆ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವ ಮೊದಲೇ ಪೂರ್ತಿ ತೆರೆಯಬೇಕು. ‘ನಮ್ಮ ಹವೆಗೆ ಥರ್ಮೋಸ್ಟ್ಯಾಟ್ ಬೇಡ, ಕಿತ್ತು ಬಿಸಾಡಿ ಸಾಹೇಬ್’ ಎನ್ನುವ ಮಾತು ಗ್ಯಾರೇಜುಗಳಲ್ಲಿ ಚೆನ್ನಾಗಿ ಚಾಲ್ತಿಯಲ್ಲಿದೆ. ಕೇಳಬೇಡಿ. ಎಷ್ಟೋ ಇಂಜಿನ್‌ಗಳಲ್ಲಿ ನೀರಿಗೆ ರೇಡಿಯೇಟರ್ ತಪ್ಪಿಸಿ ಹೋಗುವ ಒಂದು ಬೈಪಾಸ್ ದಾರಿ ಇರುತ್ತದೆ. ಥರ್ಮೋಸ್ಟ್ಯಾಟ್ ತೆಗೆದರೆ ಬಿಸಿನೀರಿನ ಒಂದು ಪಾಲು ಆ ಅಡ್ಡದಾರಿಯಲ್ಲೇ ಸುತ್ತುತ್ತಿರುತ್ತದೆ. ಜೊತೆಗೆ, ಬೇಗ ಕಾಯದ ಇಂಜಿನ್ನಿನಲ್ಲಿ ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಇನ್ನು ಲೇಸರ್ ಚುಕ್ಕೆಯ ಇನ್‌ಫ್ರಾರೆಡ್ ಥರ್ಮಾಮೀಟರ್. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಹಿಡಿದು, ಮೇಲಿನ ಹೋಸ್ ಮತ್ತು ಕೆಳಗಿನ ಹೋಸ್‌ನ ಶಾಖ ಓದಿ. ವ್ಯತ್ಯಾಸ 5ರಿಂದ 10 ಡಿಗ್ರಿ ಇದ್ದರೆ ನೀರೂ ಗಾಳಿಯೂ ಹರಿಯುತ್ತಿವೆ. 20 ದಾಟಿದರೆ ನೀರು ತೆವಳುತ್ತಿದೆ: ಕೊಳವೆ ಕಟ್ಟಿದೆ, ಇಲ್ಲವೇ ಪಂಪಿನ ಒಳಚಕ್ರ ತುಕ್ಕು ತಿಂದು ಸಣ್ಣದಾಗಿದೆ. ವ್ಯತ್ಯಾಸ ಎರಡೇ ಡಿಗ್ರಿ ಇದ್ದು ಎರಡೂ ಹೋಸ್ ಸುಡುತ್ತಿದ್ದರೆ ಗಾಳಿ ಬರುತ್ತಿಲ್ಲ. ಆಮೇಲೆ ಕೋರ್, ಅಂದರೆ ಕೊಳವೆ ಮತ್ತು ತೆಳು ರೆಕ್ಕೆಗಳ ಜಾಲರಿಯ ಮೇಲೆ, ಚುಕ್ಕೆಯನ್ನು ಅಡ್ಡಡ್ಡ, ಉದ್ದುದ್ದ ಓಡಿಸಿ. ಸುತ್ತ 80 ಇರುವ ಕಡೆ ನಡುವೆ ಎಲ್ಲೋ 50 ತೋರಿಸಿದರೆ ಆ ಕೊಳವೆಗಳು ಸತ್ತಿವೆ.

ಕಣ್ಣಿಗೆ ಕಾಣುವ ಗುರುತೂ ಒಂದಿದೆ. ನೀರು ಸ್ವಲ್ಪ ಖಾಲಿ ಮಾಡಿ, ಕ್ಯಾಪ್ ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿ. ಚಪ್ಪಟೆ ಕೊಳವೆಗಳ ತುದಿಗಳು ಸಾಲಾಗಿ ಕಾಣುತ್ತವೆ. ಅವುಗಳ ಬಾಯಿ ಸುತ್ತ ಬಿಳಿ, ಹಸಿರು ಹುರುಪೆ ಹೂವಿನಂತೆ ಅರಳಿದ್ದರೆ ಅದು ಬೆಸುಗೆಯ ಸೀಸ ಕೊಳೆತು ಎದ್ದದ್ದು. ಆ ರೇಡಿಯೇಟರಿನ ಆಯುಷ್ಯ ಮುಗಿಯಿತು ಎಂದೇ ಲೆಕ್ಕ.

ತಾಮ್ರ ಮೇಲೋ, ಅಲ್ಯುಮಿನಿಯಂ ಮೇಲೋ

ತಾಮ್ರ ಶಾಖವನ್ನು ಸಾಗಿಸುವುದರಲ್ಲಿ ಅಲ್ಯುಮಿನಿಯಂಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಚುರುಕು. ಹಾಗಿದ್ದ ಮೇಲೆ ಹಳೆಯದೇ ಉತ್ತಮ ಅಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ರೇಡಿಯೇಟರ್‌ನಲ್ಲಿ ತಾಮ್ರ ಇರುವುದು ರೆಕ್ಕೆಗಳಲ್ಲಿ ಮಾತ್ರ. ನೀರು ಹರಿಯುವ ಕೊಳವೆ ಹಿತ್ತಾಳೆಯದು, ಅದರ ಶಾಖವಾಹಕತೆ ತಾಮ್ರದ ಮೂರನೇ ಒಂದು ಭಾಗಕ್ಕೂ ಕಡಿಮೆ. ಇವೆರಡನ್ನೂ ಜೋಡಿಸಿರುವುದು ಸೀಸ-ತವರದ ಬೆಸುಗೆ, ಅದು ಇನ್ನೂ ಮಂದ. ಐವತ್ತು ವರ್ಷ ಅಲುಗಾಡಿದ ಮೇಲೆ ಆ ಬೆಸುಗೆ ಅಲ್ಲಲ್ಲಿ ಬಿಟ್ಟುಕೊಂಡು ರೆಕ್ಕೆಗೂ ಕೊಳವೆಗೂ ನಡುವೆ ಕೂದಲೆಳೆಯ ಸಂದಿ ಬಿದ್ದಿರುತ್ತದೆ. ಹೊರಗಿನಿಂದ ಏನೂ ಕಾಣದು, ಸೋರುವುದೂ ಇಲ್ಲ, ಶಾಖ ಮಾತ್ರ ದಾಟುವುದಿಲ್ಲ.

ಅಲ್ಯುಮಿನಿಯಂ ಕೋರನ್ನು ಸುಮಾರು 600 ಡಿಗ್ರಿ ಶಾಖದ ಕುಲುಮೆಯಲ್ಲಿ ಇಡಿಯಾಗಿ ಬ್ರೇಜ್ ಮಾಡುತ್ತಾರೆ. ಕೊಳವೆ, ರೆಕ್ಕೆ, ಕೊಳವೆಗಳ ತುದಿ ಕೂರುವ ಹೆಡರ್ ಎಲ್ಲ ಒಂದೇ ಲೋಹವಾಗಿ ಬೆಸೆಯುತ್ತವೆ. ಲೋಹ ಗಟ್ಟಿಯಾದ್ದರಿಂದ ಕೊಳವೆಯನ್ನು 25 ಮಿ.ಮೀ.ಗಿಂತಲೂ ಅಗಲ ಮಾಡಬಹುದು. ಹಿತ್ತಾಳೆಯಲ್ಲಿ ಅಷ್ಟು ಅಗಲ ಮಾಡಿದರೆ ಒತ್ತಡಕ್ಕೆ ಉಬ್ಬುತ್ತದೆ, ಹಾಗಾಗಿ ಅಲ್ಲಿ ಕಿರಿದಾದ ಕೊಳವೆಗಳ ಮೂರು ಸಾಲು ಬೇಕು. ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಗಾಳಿ ಬಿಸಿಯಾಗಿಬಿಟ್ಟಿರುತ್ತದೆ. ತೂಕವೂ ಅಲ್ಯುಮಿನಿಯಂನದು ಅರ್ಧದಷ್ಟೇ. ಆದರೆ ಇದಕ್ಕೆ ಎರಡು ಶತ್ರುಗಳು: ಉಪ್ಪು ಮತ್ತು ದಾರಿತಪ್ಪಿದ ಕರೆಂಟು. ಆ ಮಾತು ಮುಂದೆ ಬರುತ್ತದೆ.

ದಾರಿ ಮೂರು. ಮೊದಲನೆಯದು, ಕೋರಿನ ಮೇಲೂ ಕೆಳಗೂ ಇರುವ ಹಳೆಯ ಹಿತ್ತಾಳೆಯ ನೀರಿನ ಟ್ಯಾಂಕುಗಳನ್ನು ಉಳಿಸಿಕೊಂಡು ಹೊಸ ತಾಮ್ರದ ಕೋರ್ ಹಾಕಿಸುವುದು, ಗ್ಯಾರೇಜಿನ ಮಾತಿನಲ್ಲಿ ರೀಕೋರ್. ಗಾಡಿ ಮೂಲರೂಪದಲ್ಲೇ ಇರಬೇಕು, ಎ.ಸಿ. ಇಲ್ಲ, ಟ್ಯಾಂಕು ಗಟ್ಟಿಯಾಗಿದೆ ಎಂದಾದರೆ ಇದಕ್ಕಿಂತ ಆಚೆ ಹೋಗುವ ಅಗತ್ಯವೇ ಇಲ್ಲ. ಎರಡನೆಯದು, ಹಳೆಯದರ ಅಳತೆಗೇ ಅಲ್ಯುಮಿನಿಯಂನಲ್ಲಿ ಮಾಡಿಸುವುದು. ದುಬಾರಿ, ಆದರೆ ಬ್ರ್ಯಾಕೆಟ್, ಹೋಸ್ ಎಲ್ಲ ಹಳೆಯ ಜಾಗಕ್ಕೇ ಬರುತ್ತವೆ. ಮೂರನೆಯದು, ಮಾರುತಿಯಂಥ ಹೊಸ ಸಣ್ಣ ಕಾರಿನ ಅಲ್ಯುಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರನ್ನು ಹೊಂದಿಸಿಕೊಳ್ಳುವುದು. ಅಗ್ಗ, ಯಾವ ಊರಿನಲ್ಲೂ ಸಿಗುತ್ತದೆ. ಹೊಂದಿಸುವ ಕೆಲಸವೇ ಹೆಚ್ಚು. ಪ್ಲಾಸ್ಟಿಕ್ ಟ್ಯಾಂಕನ್ನು ರಬ್ಬರ್ ಸೀಲ್ ಇಟ್ಟು ಲೋಹದ ಹಲ್ಲುಗಳಿಂದ ಮಡಚಿ ಹಿಡಿದಿರುತ್ತಾರೆ. ಅದಕ್ಕೆ ಬ್ರ್ಯಾಕೆಟ್ ವೆಲ್ಡ್ ಮಾಡಲಾಗದು, ಬೆಸುಗೆ ಹಾಕಲಾಗದು.

ಮೂರನೆಯ ದಾರಿ ಹಿಡಿಯುವವರು ಮುಂಭಾಗದ ತಗಡು ಕತ್ತರಿಸುವ ಮುನ್ನ ಒಂದು ಸಂಗತಿ ಗಮನಿಸಬೇಕು. 2021ರ ವಿಂಟೇಜ್ ವಾಹನ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಬೋಲ್ಟ್ ಬಿಚ್ಚಿ ಹಾಕಿದ ರೇಡಿಯೇಟರನ್ನು ನಾಳೆ ಮತ್ತೆ ಹಳೆಯದಕ್ಕೆ ಬದಲಿಸಬಹುದು. ಕತ್ತರಿಸಿದ ತಗಡನ್ನು ಹಾಗೆ ಮಾಡಲು ಬರುವುದಿಲ್ಲ.

ಅಂಗಡಿಗೆ ಹೋಗುವ ಮುನ್ನ ರಟ್ಟು

ಪುಣೆಯ ನಾನಾ ಪೇಟೆಯಲ್ಲೋ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ‘ಫಿಯೆಟ್‌ಗೆ ಸರಿಹೋಗುವ ರೇಡಿಯೇಟರ್ ಕೊಡಿ’ ಎಂದರೆ ಕೌಂಟರ್‌ನವರು ತಮ್ಮ ಹತ್ತಿರ ಇದ್ದದ್ದನ್ನು ಕೊಡುತ್ತಾರೆ. ಅದರ ಬದಲು ದಪ್ಪ ರಟ್ಟಿನ ಪೆಟ್ಟಿಗೆ ಕತ್ತರಿಸಿ ರೇಡಿಯೇಟರಿನ ಆಕಾರ ಮಾಡಿಕೊಳ್ಳಿ. ಹಳೆಯದನ್ನು ಬಿಚ್ಚಿದ ಜಾಗದಲ್ಲಿ ಅದನ್ನು ನಿಲ್ಲಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ, ಎಲ್ಲಿ ತಾಗುತ್ತದೆ ನೋಡಿ. ಬ್ರ್ಯಾಕೆಟ್ ತೂತುಗಳನ್ನು ಪೆನ್ನಿನಿಂದ ಗುರುತು ಮಾಡಿ. ಹೋಸ್ ಬಾಯಿ ಎಡಕ್ಕೋ ಬಲಕ್ಕೋ, ಮೇಲಿಂದ ಎಷ್ಟು ಮಿ.ಮೀ. ಎಂದು ಬರೆದುಕೊಳ್ಳಿ. ಈ ರಟ್ಟು ಕಂಕುಳಲ್ಲಿಟ್ಟುಕೊಂಡು ಹೋದರೆ ಅಂಗಡಿಯಲ್ಲಿ ವಾದವೇ ಇರುವುದಿಲ್ಲ, ರೇಡಿಯೇಟರ್ ಮೇಲೆ ರಟ್ಟು ಇಟ್ಟರೆ ಮುಗಿಯಿತು.

ಅಳೆಯುವಾಗ ಟ್ಯಾಂಕು ಸೇರಿಸಬೇಡಿ. ಶಾಖ ಬಿಡುವುದು ರೆಕ್ಕೆಯಿರುವ ಕೋರ್ ಮಾತ್ರ, ಅದರ ಉದ್ದ, ಅಗಲ, ದಪ್ಪ ಬೇರೆಯಾಗಿ ಬರೆಯಿರಿ. ಹೊಸದರ ಮುಖದ ವಿಸ್ತೀರ್ಣ ಹಳೆಯದಕ್ಕಿಂತ ಕಡಿಮೆಯಾಗಬಾರದು. ದಪ್ಪ ಕಡಿಮೆಯಾದರೆ ಚಿಂತೆಯಿಲ್ಲ, ಎರಡು ಸಾಲಿನ 40 ಮಿ.ಮೀ. ಕೋರ್ ಈ ಇಂಜಿನ್‌ಗೆ ಸಾಕೋ ಸಾಕು. ನಾಲ್ಕು ಸಾಲಿನದು ಇನ್ನೂ ಒಳ್ಳೆಯದೆಂದು ಅಂಗಡಿಯವರು ಹೇಳಬಹುದು. ಕೋರ್ ದಪ್ಪವಾದಷ್ಟೂ ಗಾಳಿಗೆ ನುಸುಳುವುದು ಕಷ್ಟ, ಬೆಲ್ಟಿನ ಸಣ್ಣ ಫ್ಯಾನ್ ಅದನ್ನು ಎಳೆಯಲಾರದು.

ಫ್ಯಾನ್ ರೆಕ್ಕೆಯ ತುದಿಯಿಂದ ಕೋರ್‌ಗೆ ಕನಿಷ್ಠ 25 ಮಿ.ಮೀ. ಅಂತರ ಉಳಿಯಬೇಕು. ನಿಂತ ಗಾಡಿಯಲ್ಲಿ 10 ಮಿ.ಮೀ. ಸಾಕೆನಿಸುತ್ತದೆ. ಆದರೆ ಜೋರಾಗಿ ಬ್ರೇಕ್ ಹಿಡಿದಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಮುಂದಕ್ಕೆ ವಾಲುತ್ತದೆ, ಮೌಂಟ್ ಹಳತಾಗಿದ್ದರೆ ಇನ್ನೂ ಹೆಚ್ಚು. ಆಗ ಫ್ಯಾನ್ ಕೋರನ್ನು ಗರಗಸದಂತೆ ಕೊಯ್ಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಎತ್ತರದಲ್ಲಿ. ಹೊಸ ಕಾರಿನ ರೇಡಿಯೇಟರ್ ಗಿಡ್ಡ. ಅದನ್ನು ಕೂರಿಸಿದಾಗ ಕ್ಯಾಪ್ ಬಾಯಿ ಸಿಲಿಂಡರ್ ಹೆಡ್‌ಗಿಂತ ಕೆಳಗೆ ಬಂದರೆ, ಎಷ್ಟೇ ನೀರು ತುಂಬಿಸಿದರೂ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಉಳಿಯುತ್ತದೆ. ಫಿಯೆಟ್‌ನ ಹೆಡ್ ಅಲ್ಯುಮಿನಿಯಂನದು, ಒಣಗಿದ ಕಡೆ ಬಿಸಿಯಾಗಿ ಬಾಗುತ್ತದೆ. ನೀರು ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಹಾಗೆ ಬಾರದಿದ್ದರೆ ಮೇಲಿನ ಹೋಸ್‌ನ ಎತ್ತರದ ಜಾಗದಲ್ಲಿ ಕ್ಯಾಪ್ ಕೂರುವ ಲೋಹದ ತುಂಡು ಜೋಡಿಸಿ, ರೇಡಿಯೇಟರಿನ ಬಾಯಿಗೆ ಒತ್ತಡ ಬಿಡದ ಕುರುಡು ಮುಚ್ಚಳ ಹಾಕಬೇಕು.

ಗಾಳಿಯ ಲೆಕ್ಕ

ಪೆಟ್ರೋಲಿನ ಶಾಖದಲ್ಲಿ ಒಂದು ಪಾಲು ಚಕ್ರಕ್ಕೆ, ಒಂದು ಪಾಲು ಸೈಲೆನ್ಸರಿಗೆ, ಒಂದು ಪಾಲು ನೀರಿಗೆ. ಹೆಚ್ಚುಕಡಿಮೆ ಮೂರೂ ಸಮ. ಘಾಟಿನಲ್ಲಿ ಸೆಕೆಂಡ್ ಗೇರಿನಲ್ಲಿ ಇಂಜಿನ್ 20 ಕಿಲೋವ್ಯಾಟ್ ಕೊಡುತ್ತಿದೆ ಎನ್ನೋಣ. ಸುಮಾರು ಅಷ್ಟೇ ಶಾಖವನ್ನು ರೇಡಿಯೇಟರ್ ಹೊರಹಾಕಬೇಕು. ಹಾದುಹೋಗುವ ಗಾಳಿ 30 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 600 ಲೀಟರ್ ಗಾಳಿ ಬೇಕು. ಈಗ 400 ಮಿ.ಮೀ. ಅಗಲ, 380 ಮಿ.ಮೀ. ಎತ್ತರದ ಕೋರ್ ತೆಗೆದುಕೊಳ್ಳಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಎದುರುಗಾಳಿ ಸೆಕೆಂಡಿಗೆ 7 ಮೀಟರ್ ಬರುತ್ತದೆ, ಗ್ರಿಲ್ಲು, ಕೋರ್, ಇಂಜಿನ್ ಎಲ್ಲ ಅಡ್ಡಬಂದು ಕೋರಿನೊಳಗೆ ನುಗ್ಗುವುದು ಅದರ ಮೂರನೇ ಒಂದು ಭಾಗ ಇದ್ದರೆ ದೊಡ್ಡದು. ಅಂದರೆ 300ರಿಂದ 350 ಲೀಟರ್. ಉಳಿದದ್ದನ್ನು ಫ್ಯಾನ್ ಎಳೆಯಬೇಕು. ಲೋಹ ಯಾವುದೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ನಿಂತಲ್ಲೇ ಓಡುವ ಇಂಜಿನ್ ನೀರಿಗೆ ಕೊಡುವ ಶಾಖ ಇದರ ಐದನೇ ಒಂದು ಭಾಗವೂ ಇರದು. ಆದರೂ ಸಿಗ್ನಲ್‌ನಲ್ಲಿ ಕುದಿಯುತ್ತದೆ, ಯಾಕೆಂದರೆ ಫ್ಯಾನ್ ತಳ್ಳಿದ ಬಿಸಿಗಾಳಿ ರೇಡಿಯೇಟರಿನ ಪಕ್ಕದ ಸಂದಿಗಳಿಂದ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಆ ಸಂದಿಗಳನ್ನು ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿಯಿಂದ ಮುಚ್ಚಿ. ಫ್ಯಾನ್ ಸುತ್ತ ತಗಡಿನ ಕವಚ, ಅಂದರೆ ಶ್ರೌಡ್, ಇರಲಿ, ಅದು ಕೋರಿನ ಮುಖವನ್ನೆಲ್ಲ ಆವರಿಸಬೇಕು, ಅದರ ದುಂಡು ಬಾಯಿಯಲ್ಲಿ ಫ್ಯಾನ್ ರೆಕ್ಕೆ ಅರ್ಧ ಒಳಗೆ ಅರ್ಧ ಹೊರಗೆ ಇರಬೇಕು. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ದುಂಡು ಜಾಗದಿಂದ ಮಾತ್ರ ಎಳೆಯುತ್ತದೆ, ಕೋರಿನ ನಾಲ್ಕು ಮೂಲೆಗಳು ಸುಮ್ಮನಿರುತ್ತವೆ. ಊರೊಳಗೆ ಮಾತ್ರ ಕುದಿಯುವ ಎಷ್ಟೋ ಗಾಡಿಗಳಿಗೆ ಈ ತಗಡು ಮತ್ತು ರಬ್ಬರ್ ಪಟ್ಟಿ ಸಾಕು, ರೇಡಿಯೇಟರ್ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಎಲೆಕ್ಟ್ರಿಕ್ ಫ್ಯಾನ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 12 ಇಂಚಿನದು ಓಡುವಾಗ 8ರಿಂದ 12 ಆಂಪಿಯರ್ ತಿನ್ನುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಎರಡರಷ್ಟು. ಹಳೆಯ ಡೈನಮೊ ಪೂರ್ತಿ ವೇಗದಲ್ಲಿ ಕೊಡುವುದೇ 20 ಆಂಪಿಯರ್ ಆಸುಪಾಸು, ಐಡಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಮಳೆಗಾಲದ ಸಂಜೆ ಹೆಡ್‌ಲೈಟಿಗೆ 8, ಇಗ್ನಿಶನ್ ಕಾಯಿಲ್‌ಗೆ 3-4, ಮೇಲೆ ವೈಪರ್, ಅದರ ಮೇಲೆ ಈ ಫ್ಯಾನ್ ಎಂದರೆ ಬ್ಯಾಟರಿ ಮನೆ ತಲುಪುವುದು ಅನುಮಾನ. ಡೈನಮೊ ಇರುವ ಗಾಡಿಯಲ್ಲಿ ಬೆಲ್ಟಿನ ಫ್ಯಾನೇ ಇರಲಿ. 35 ಆಂಪಿಯರಿನ ಆಲ್ಟರ್ನೇಟರ್ ಕೂರಿಸಿದ ಮೇಲೆ ಎಲೆಕ್ಟ್ರಿಕ್ ಫ್ಯಾನ್ ಯೋಚನೆ ಮಾಡಿ.

ಹಾಕುವುದಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕುವ ಸ್ವಿಚ್) ಇಲ್ಲದೆ ಬೇಡ. ಬ್ಯಾಟರಿಯಿಂದ 25 ಆಂಪಿಯರ್ ಫ್ಯೂಸ್ ದಾಟಿ 4 ಚದರ ಮಿ.ಮೀ. ವೈರ್ ರಿಲೇಯ 30ನೇ ಪಿನ್ನಿಗೆ, 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಶನ್ ಲೈನು, 85 ಥರ್ಮೋ ಸ್ವಿಚ್ ಮೂಲಕ ಅರ್ಥಿಗೆ. ಸ್ವಿಚ್ ಆನ್ ಆಗುವ ಶಾಖ ಥರ್ಮೋಸ್ಟ್ಯಾಟ್ ತೆರೆಯುವುದಕ್ಕಿಂತ 8-10 ಡಿಗ್ರಿ ಮೇಲಿರಲಿ: 82ರ ಥರ್ಮೋಸ್ಟ್ಯಾಟಿಗೆ 92ರಲ್ಲಿ ಆನ್, 87ರಲ್ಲಿ ಆಫ್ ಆಗುವ ಸ್ವಿಚ್. ಎರಡೂ ಹತ್ತಿರವಾದರೆ ಫ್ಯಾನ್ ನಿಲ್ಲುವುದೇ ಇಲ್ಲ. ಕೋರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವ ಕಿಟ್ ಸಿಗುತ್ತದೆ, ಕೊಳ್ಳಬೇಡಿ. ಅಲುಗಾಟಕ್ಕೆ ಅದು ಒಂದೆರಡು ವರ್ಷದಲ್ಲಿ ಕೊಳವೆಯನ್ನೇ ಉಜ್ಜಿ ತೂತು ಮಾಡುತ್ತದೆ. ಕೊನೆಗೆ ಗ್ರಿಲ್ ಕಡೆಯಿಂದ ಕೋರಿನ ಮೇಲೆ ದಿನಪತ್ರಿಕೆಯ ಒಂದು ಹಾಳೆ ಹಿಡಿಯಿರಿ. ಫ್ಯಾನ್ ಓಡುವಾಗ ಹಾಳೆ ಅಂಟಿಕೊಳ್ಳಬೇಕು. ಹಾರಿಹೋದರೆ ಮೋಟಾರಿನ ಎರಡು ವೈರ್ ಅದಲುಬದಲಾಗಿವೆ. ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವ, ಅಂದರೆ ಪಾಸಿಟಿವ್ ಅರ್ಥ್ ಇರುವ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಇದು ಪದೇ ಪದೇ ಆಗುತ್ತದೆ.

ಕ್ಯಾಪ್ ಎಂಬ ಸಣ್ಣ ವಸ್ತು

ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ನೀರು 98 ಡಿಗ್ರಿಗೇ ಕುದಿಯುತ್ತದೆ. ಮಹಾಬಳೇಶ್ವರದಲ್ಲಿ 95ರ ಆಸುಪಾಸು. ಕ್ಯಾಪಿನ ಸ್ಪ್ರಿಂಗ್ ನೀರಿನ ಮೇಲೆ ಒತ್ತಡ ಹೇರಿ ಇದನ್ನು ಮೇಲಕ್ಕೆತ್ತುತ್ತದೆ. ಸಮುದ್ರಮಟ್ಟದಲ್ಲಿ 4 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಇದ್ದರೆ 107 ಡಿಗ್ರಿ, 7 ಇದ್ದರೆ 111, 13 ಇದ್ದರೆ 119. ಅರುವತ್ತರ ದಶಕದ ಗಾಡಿಗಳಲ್ಲಿ 4, 7 ಸಾಮಾನ್ಯ. ಈಗಿನ ಕಾರುಗಳಲ್ಲಿ 13, ಅಂದರೆ 0.9 ಬಾರ್.

ಹೊಸ ರೇಡಿಯೇಟರ್ ಜೊತೆ 13ರ ಕ್ಯಾಪ್ ಬಂದಿರುತ್ತದೆ. ರೇಡಿಯೇಟರ್ ಅದನ್ನು ತಡೆಯುತ್ತದೆ. ಪಂಪಿನ ಹಳೆಯ ಸೀಲು, ಬ್ಲಾಕಿನ ತುಕ್ಕು ಹಿಡಿದ ವೆಲ್ಶ್ ಪ್ಲಗ್‌ಗಳು (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆಗಳು), ಹೀಟರ್ ಇದ್ದರೆ ಅದರ ಕೋರ್ ಇವು ತಡೆಯುವುದಿಲ್ಲ. ರೇಡಿಯೇಟರ್ ಬದಲಿಸಿದ ವಾರದಲ್ಲೇ ಪಂಪ್ ಸೋರಲು ಶುರುವಾದರೆ ಕಾರಣ ಇದೇ. 7ರಲ್ಲಿ ಇರಿ. ಇಂಜಿನ್ ಬಿಚ್ಚಿ ಎಲ್ಲ ಹೊಸದು ಹಾಕಿಸಿದ ದಿನ ಬೇಕಾದರೆ ಮೇಲೆ ಹೋಗಿ.

ಕ್ಯಾಪ್ ಬದಲಿಸುವಾಗ ಎರಡು ಸಂಗತಿ. ಕುತ್ತಿಗೆಯ ಆಳಕ್ಕೂ ಕ್ಯಾಪಿನ ಉದ್ದಕ್ಕೂ ಹೊಂದಿಕೆಯಾಗಬೇಕು. ಗಿಡ್ಡ ಕ್ಯಾಪ್ ಆಳದ ಕುತ್ತಿಗೆಯ ತಳ ಮುಟ್ಟುವುದೇ ಇಲ್ಲ, ಒತ್ತಡವೇ ನಿಲ್ಲದು. ಎರಡನೆಯದು, ಪಕ್ಕದಲ್ಲಿ ಓವರ್‌ಫ್ಲೋ ಬಾಟಲಿ ಇಟ್ಟರೆ ಕ್ಯಾಪಿನ ಕೆಳಗಡೆಯಷ್ಟೇ ಅಲ್ಲ, ಮೇಲಂಚಿನಲ್ಲೂ ರಬ್ಬರ್ ವಾಷರ್ ಇರಬೇಕು. ಹಳೆಯ ಕ್ಯಾಪಿನಲ್ಲಿ ಅಲ್ಲಿ ಬರಿಯ ಲೋಹದ ತಟ್ಟೆ ಇರುತ್ತದೆ. ತಣ್ಣಗಾಗುವಾಗ ಅದು ಬಾಟಲಿಯ ನೀರಿನ ಬದಲು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ, ಇದೇನು ಮಾಯೆ ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ.

ತೊಳೆದು, ಕೂರಿಸಿ, ತುಂಬಿಸುವುದು

ಬ್ಲಾಕಿನೊಳಗಿನ ಕೆಂಪು ಕೆಸರನ್ನು ಹಾಗೇ ಬಿಟ್ಟು ಹೊಸ ರೇಡಿಯೇಟರ್ ಜೋಡಿಸಿದರೆ ಅದರ ಕೊಳವೆಗಳೇ ಜರಡಿಯಾಗುತ್ತವೆ. ಹಳೆಯ ರೇಡಿಯೇಟರ್ ಇನ್ನೂ ಇರುವಾಗಲೇ ತೊಳೆಯಿರಿ. ಲೀಟರಿಗೆ 50 ಗ್ರಾಂನಂತೆ ನಿಂಬೆಉಪ್ಪು ಕರಗಿಸಿ ತುಂಬಿಸಿ. ಕಿರಾಣಿ ಅಂಗಡಿಯಲ್ಲಿ ‘ಲಿಂಬೂ ಸತ್ವ’ ಎಂದು ಕೇಳಿದರೆ ಕೊಡುತ್ತಾರೆ. ಇಂಜಿನ್ ಬಿಸಿಯಾದ ಮೇಲೆ 15-20 ನಿಮಿಷ ಓಡಿಸಿ, ಆರಲು ಬಿಟ್ಟು, ಖಾಲಿ ಮಾಡಿ. ಹೆಡ್ ಅಲ್ಯುಮಿನಿಯಂ ಆದ್ದರಿಂದ ಇದನ್ನು ರಾತ್ರಿಯಿಡೀ ಒಳಗೆ ಬಿಡಬೇಡಿ. ಆಮೇಲೆ ಸ್ವಲ್ಪ ಅಡುಗೆ ಸೋಡ ಬೆರೆಸಿದ ನೀರು, ಅದಾದ ಮೇಲೆ ಬರಿಯ ನೀರು, ತಿಳಿಯಾಗುವವರೆಗೆ. ಬ್ಲಾಕಿನ ಡ್ರೈನ್ ಬಿಚ್ಚದೆ ತೊಳೆದರೆ ತೊಳೆದಂತಲ್ಲ. ಅಲ್ಲಿ ಮಡ್ಡಿ ಗಟ್ಟಿಯಾಗಿದ್ದರೆ ತಂತಿಯಿಂದ ಕೆದಕಬೇಕು. ಹೊಸ ಅಲ್ಯುಮಿನಿಯಂ ಹಾಕಿದ ಮೇಲೆ ಈ ಹುಳಿ ಒಳಗೆ ಹೋಗಬಾರದು.

ಕೂರಿಸುವಾಗ ರೇಡಿಯೇಟರ್ ರಬ್ಬರಿನ ಮೇಲೆ ಕೂರಬೇಕು, ಬೋಲ್ಟಿಗೂ ಬ್ರ್ಯಾಕೆಟ್ಟಿಗೂ ನಡುವೆ ನೈಲಾನ್ ವಾಷರ್. ಹಳೆಯ ಗಾಡಿಯ ಮುಂಭಾಗ ಹಳ್ಳದಿಣ್ಣೆಗಳಲ್ಲಿ ತಿರುಚುತ್ತದೆ. ತಗಡಿಗೆ ಬಿಗಿದು ಕಟ್ಟಿದರೆ ಟ್ಯಾಂಕಿನ ಮೂಲೆಯ ವೆಲ್ಡಿಂಗ್ ಬಿರುಕು ಬಿಡುತ್ತದೆ. ಹೋಸ್‌ನ ವ್ಯಾಸ ಹೊಂದದಿದ್ದರೆ ಎರಡು ಬೇರೆ ಅಳತೆಯ ಬಾಯಿಗಳಿರುವ ರೆಡ್ಯೂಸರ್ ಹೋಸ್ ಹಾಕಿ. ಸಣ್ಣದಕ್ಕೆ ರಬ್ಬರ್ ಸುತ್ತಿ ಕ್ಲಿಪ್ ಬಿಗಿಯುವ ಉಪಾಯ ಘಾಟಿನಲ್ಲೇ ಕೈಕೊಡುತ್ತದೆ. ಕೆಳಗಿನ ಹೋಸ್ ಪಂಪ್ ಎಳೆಯುವ ಕಡೆಯದು, ಮೆತ್ತಗಿದ್ದರೆ ಇಂಜಿನ್ ವೇಗ ಏರಿಸಿದಾಗ ಒಳಕ್ಕೆ ಕುಸಿದು ನೀರು ನಿಲ್ಲುತ್ತದೆ. ಗಟ್ಟಿ ಹೋಸೋ ಒಳಗೆ ಸ್ಪ್ರಿಂಗ್ ಇರುವುದೋ ಆಗಬೇಕು.

ಎಷ್ಟು ಕೂಲಂಟ್ (ತುಕ್ಕು ತಡೆಯುವ ರಾಸಾಯನಿಕ ಬೆರೆತ ನೀರು) ಬೇಕೆಂದು ತಿಳಿಯಲು ಹಳೆಯ ನೀರನ್ನು ಅಳತೆಯ ಬಕೆಟ್ಟಿಗೆ ಇಳಿಸಿ. 6 ಲೀಟರ್ ಬಂದರೆ 2 ಲೀಟರ್ ಕಾನ್ಸಂಟ್ರೇಟ್, 4 ಲೀಟರ್ ಡಿಸ್ಟಿಲ್ಡ್ ವಾಟರ್. ಮುಂಬಯಿ, ಗೋವಾದಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ. ಕಾನ್ಸಂಟ್ರೇಟಿನಲ್ಲಿರುವ ಗ್ಲೈಕಾಲ್ ಹೆಚ್ಚಾದಷ್ಟೂ ನೀರಿನ ಶಾಖ ಹೊರುವ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಅರ್ಧಕ್ಕರ್ಧ ಬೇಡ. ಮೂರನೇ ಒಂದು ಭಾಗಕ್ಕಿಂತ ಇಳಿಸಿದರೆ ತುಕ್ಕು ತಡೆಯುವ ರಾಸಾಯನಿಕ ಸಾಲದು. ರೆಡಿಮಿಕ್ಸ್ ಎಂದು ಬರೆದ ಡಬ್ಬಕ್ಕೆ ನೀರು ಬೆರೆಸಬಾರದು. ಹಸಿರು, ಕೆಂಪು, ನೀಲಿ ಬರಿಯ ಬಣ್ಣಗಳು, ಅವುಗಳಿಂದ ಗುಣ ತಿಳಿಯದು. ಡಬ್ಬದ ಮೇಲೆ ಐಎಸ್ 5759 ಅಥವಾ ಎಎಸ್‌ಟಿಎಂ ಡಿ 3306 ಇದೆಯೇ ನೋಡಿ, ಎರಡು ಬಗೆ ಬೆರೆಸಬೇಡಿ. ಬೋರ್‌ವೆಲ್ ನೀರು ಸುಣ್ಣ ಕಟ್ಟುತ್ತದೆ, ನಲ್ಲಿ ನೀರಿನ ಕ್ಲೋರೈಡ್ ಅಲ್ಯುಮಿನಿಯಂ ತಿನ್ನುತ್ತದೆ. ಬ್ಯಾಟರಿಗೆ ಹಾಕುವ ನೀರಿನ 5 ಲೀಟರ್ ಕ್ಯಾನ್ ಸಾಕು.

ಗಾಡಿಯ ಮೂತಿ ಮೇಲಕ್ಕಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ಅದರ ವಾಲ್ವ್ ತೆರೆದು, ನಿಧಾನಕ್ಕೆ ತುಂಬಿಸಿ. ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಸುಕುತ್ತಿರಿ. ಥರ್ಮೋಸ್ಟ್ಯಾಟ್ ತೆರೆದ ಕೂಡಲೇ ಮಟ್ಟ ಗಬಕ್ಕನೆ ಇಳಿಯುತ್ತದೆ, ಆಗ ತುಂಬಿಸಿ ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಬೇಕು, ಅರ್ಧ ಲೀಟರ್ ಹಿಡಿದರೆ ಆಶ್ಚರ್ಯವಿಲ್ಲ.

ದಾರಿತಪ್ಪಿದ ಕರೆಂಟು, ಕಡಲ ಉಪ್ಪು

ಹೊಸ ಅಲ್ಯುಮಿನಿಯಂ ಕೋರಿನಲ್ಲಿ ಆರೇ ತಿಂಗಳಿಗೆ ಸೂಜಿಮೊನೆಯ ತೂತುಗಳು ಬಿದ್ದರೆ ಮಾಲು ಕೆಟ್ಟದ್ದೆಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಕರೆಂಟು ವಾಪಸಾಗಲು ಕೂಲಂಟನ್ನೇ ದಾರಿ ಮಾಡಿಕೊಳ್ಳುತ್ತದೆ, ಹೋಗುತ್ತ ಅಲ್ಯುಮಿನಿಯಂ ಕರಗಿಸುತ್ತದೆ. ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ತುದಿಯನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿ. 0.1 ವೋಲ್ಟ್ ಒಳಗಿದ್ದರೆ ಸರಿ. ಈಗ ಲೈಟು, ವೈಪರ್, ಹಾರ್ನ್, ಫ್ಯಾನ್ ಒಂದೊಂದಾಗಿ ಹಾಕುತ್ತ, ಕೊನೆಗೆ ಸೆಲ್ಫ್ ಹೊಡೆಯುತ್ತ ನೋಡಿ. ಯಾವುದನ್ನು ಹಾಕಿದಾಗ 0.3 ದಾಟಿತೋ ಅದರ ಅರ್ಥ್ ಕೆಟ್ಟಿದೆ. ಸೆಲ್ಫ್ ಹೊಡೆದಾಗ ಜಿಗಿದರೆ ಇಂಜಿನ್ನಿನ ದಪ್ಪ ಪಟ್ಟಿಯನ್ನೇ ಬದಲಿಸಿ. ಯಾವುದನ್ನೂ ಹಾಕದಿದ್ದರೂ 0.3 ಇದ್ದರೆ ಕೂಲಂಟಿನ ರಾಸಾಯನಿಕ ತೀರಿದೆ, ಬದಲಿಸುವ ಹೊತ್ತಾಗಿದೆ.

ಗೋವಾದಲ್ಲಿ ಕಡಲಿನ ಹತ್ತಿರ ಗಾಡಿ ನಿಲ್ಲಿಸುವವರಿಗೆ ಹೊರಗಿನ ಕೊಳೆತವೂ ಸೇರಿಕೊಳ್ಳುತ್ತದೆ. ಉಪ್ಪಿನ ಗಾಳಿಗೆ ರೆಕ್ಕೆಗಳು ಬೂದಿಯಂತೆ ಉದುರುತ್ತವೆ, ಮಳೆಗಾಲದ ಕೆಂಪು ಮಣ್ಣು ಅವುಗಳ ಸಂದಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಇಂಜಿನ್ ಕಡೆಯಿಂದ ಗ್ರಿಲ್ ಕಡೆಗೆ, ತೋಟದ ಪೈಪಿನ ಸಣ್ಣ ಧಾರೆಯಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿಯೇ ಬಂದ್. ಹೊಳೆಯುವ ಅಲ್ಯುಮಿನಿಯಂ ಹಳೆಯ ಗಾಡಿಗೆ ಒಪ್ಪುವುದಿಲ್ಲ ಅನಿಸಿದರೆ ಮಂಕು ಕಪ್ಪು ಸ್ಪ್ರೇಯನ್ನು ತೆಳ್ಳಗೆ ಒಂದೇ ಕೈ ಹೊಡೆಯಿರಿ. ಬಾಗಿಲಿಗೆ ಬಳಿಯುವ ಎನಾಮಲ್ ಬೇಡ.

ಮೊದಲ 200 ಕಿ.ಮೀ.ಗೆ ಮೇಲಿನ ಹೋಸ್‌ನ ರೇಡಿಯೇಟರ್ ಕಡೆಯ ಬಾಯಿಯೊಳಗೆ ಹಳೆಯ ನೈಲಾನ್ ಕಾಲುಚೀಲದ ತುಂಡನ್ನು ಚೀಲದಂತೆ ಇಳಿಬಿಟ್ಟು, ಅಂಚನ್ನು ಹೊರಕ್ಕೆ ಮಡಚಿ ಕ್ಲಿಪ್ಪಿನಡಿ ಹಿಡಿಸಿ. ಎಷ್ಟು ತೊಳೆದಿದ್ದರೂ ಬ್ಲಾಕಿನಿಂದ ತುಕ್ಕಿನ ಚಕ್ಕೆ ಬರುತ್ತಲೇ ಇರುತ್ತದೆ. 50 ಕಿ.ಮೀ.ಗೊಮ್ಮೆ ಬಿಚ್ಚಿ ಕೊಡವಿ. ಚೀಲ ಸ್ವಚ್ಛವಾಗಿ ಬಂದ ದಿನ ಅದನ್ನು ತೆಗೆದು, ಎರಡು ಕ್ಲಿಪ್ಪುಗಳನ್ನೂ ಮತ್ತೊಮ್ಮೆ ಬಿಗಿದು ಘಾಟಿಗೆ ಹೊರಡಬಹುದು.